ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ನೆಲದ ಮೇಲಿನ ಡಿಕ್ಕಿ ತಪ್ಪಿಸುವುದು ಹೇಗೆ? ತೋರಣಗಲ್ಲು, ಗಿಣಿಗೇರಾಕ್ಕೆ ಹಾರಿ ಬರುವವರಿಗೊಂದು ಸಮಗ್ರ ಮಾರ್ಗದರ್ಶಿ

ಜಕ್ಕೂರಿನಲ್ಲೋ ಕಲಬುರಗಿಯಲ್ಲೋ ಹಾರಾಟ ಕಲಿತ ಪೈಲಟ್‌ಗೆ ನಮ್ಮ ಕಡೆಯ ರನ್‌ವೇಗಳು ಮೊದಲ ನೋಟಕ್ಕೆ ಹಾಯೆನಿಸುತ್ತವೆ. ತೋರಣಗಲ್ಲಿನ ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣಕ್ಕೆ ದಿನಕ್ಕೆ ಬೆರಳೆಣಿಕೆಯ ವಿಮಾನಗಳು. ಕೊಪ್ಪಳದ ಪಕ್ಕದ ಗಿಣಿಗೇರಾ ಏರ್‌ಸ್ಟ್ರಿಪ್‌ನಲ್ಲಿ ಅದೂ ಇಲ್ಲ. ಸರದಿ ಕಾಯಬೇಕಿಲ್ಲ, ರೇಡಿಯೊದಲ್ಲಿ ಗದ್ದಲವಿಲ್ಲ, ಸುತ್ತ ಬಯಲು. ಈ ಖಾಲಿತನವನ್ನೇ ನಾನು ಅನುಮಾನಿಸುತ್ತೇನೆ. ದಟ್ಟಣೆಯ ನಿಲ್ದಾಣದಲ್ಲಿ ಪೈಲಟ್ ತಾನಾಗಿಯೇ ಎಚ್ಚರವಾಗಿರುತ್ತಾನೆ. ಇಲ್ಲಿ ‘ಇನ್ಯಾರಿದ್ದಾರೆ?’ ಎಂಬ ಭಾವನೆ ಬಂದ ಕ್ಷಣವೇ ಕಣ್ಣು ಹೊರಗಿನಿಂದ ಒಳಕ್ಕೆ, ನಕ್ಷೆಗೆ, ಮೊಬೈಲ್‌ಗೆ ಇಳಿಯುತ್ತದೆ. ಚುನಾವಣೆ ಬಂತೆಂದರೆ ಇದೇ ರನ್‌ವೇಗಳಲ್ಲಿ ಒಂದೇ ಮಧ್ಯಾಹ್ನ ಬಾಡಿಗೆ ವಿಮಾನ, ಹೆಲಿಕಾಪ್ಟರ್, ಹಿಂದೆ ಮುಂದೆ ನೋಡದೆ ಓಡಾಡುವ ಕಾರುಗಳು ಎಲ್ಲವೂ ಸೇರುತ್ತವೆ. ರಾಯಚೂರಿನ ಯರಮರಸ್‌ನಲ್ಲಿ ನಿಲ್ದಾಣದ ಕೆಲಸ ಮುಗಿದ ಮೇಲೆ ಈ ಸಂಚಾರ ಇನ್ನಷ್ಟು ಹೆಚ್ಚಲಿದೆ.

ಮುಂದಿನ ಹೆಜ್ಜೆಗಳನ್ನು ಸಣ್ಣ ವಿಮಾನದ ಪೈಲಟ್‌ಗಳನ್ನು, ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟು ಬರೆದಿದ್ದೇನೆ. ನೆಲದ ಮೇಲೆ ಕೆಲಸ ಮಾಡುವವರಿಗಾಗಿ ಹತ್ತನೆಯ ಹೆಜ್ಜೆ ಪ್ರತ್ಯೇಕವಾಗಿದೆ.

ಹೆಜ್ಜೆ 1: ಹೊರಡುವ ಮುನ್ನವೇ ನೆಲದ ದಾರಿ ಓದಿಕೊಳ್ಳಿ

ಹಾರಾಟದ ಮಾರ್ಗ ಹಾಕಿಕೊಳ್ಳುವವರು ಇಳಿದ ಮೇಲಿನ ನೂರಿನ್ನೂರು ಮೀಟರ್‌ನ ದಾರಿಯನ್ನು ಹಾಕಿಕೊಳ್ಳುವುದಿಲ್ಲ. ನಿಲ್ದಾಣದ ನಕ್ಷೆ ಪ್ರಕಟವಾಗಿದ್ದರೆ ತೆಗೆದು ನೋಡಿ. ರನ್‌ವೇಯಿಂದ ಏಪ್ರನ್‌ಗೆ (ವಿಮಾನ ನಿಲ್ಲಿಸುವ ಅಂಗಳಕ್ಕೆ) ಎಷ್ಟು ದಾರಿಗಳಿವೆ? ರನ್‌ವೇಗೆ ಸಮಾನಾಂತರವಾಗಿ ಟ್ಯಾಕ್ಸಿವೇ (ವಿಮಾನ ನೆಲದ ಮೇಲೆ ಸಾಗುವ ದಾರಿ) ಇದೆಯೇ, ಇಲ್ಲವೇ? ತಿರುಗುವ ಜಾಗ ಯಾವ ತುದಿಯಲ್ಲಿದೆ? ಈ ಮೂರು ಪ್ರಶ್ನೆಗೆ ಉತ್ತರ ತಲೆಯಲ್ಲಿದ್ದರೆ ಇಳಿದ ಮೇಲೆ ತಡಕಾಡುವುದು ತಪ್ಪುತ್ತದೆ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಎಚ್ಚರಿಕೆಯ ಸೂಚನೆ) ನೋಡುವುದನ್ನು ಬಿಡಬೇಡಿ. ಅಂಚಿನಲ್ಲಿ ಅಗೆದ ಗುಂಡಿ, ಮುಚ್ಚಿದ ಟ್ಯಾಕ್ಸಿವೇ, ನಿಂತ ಯಂತ್ರ ಎಲ್ಲವೂ ಅಲ್ಲಿಯೇ ಸಿಗುವುದು.

ಖಾಸಗಿ ರನ್‌ವೇಗೆ ಬರಲು ಮಾಲೀಕ ಸಂಸ್ಥೆಯ ಪೂರ್ವಾನುಮತಿ ಬೇಕೇ ಬೇಕು. ತೋರಣಗಲ್ಲು ನಿಲ್ದಾಣ ಉಕ್ಕಿನ ಕಾರ್ಖಾನೆಯವರದು, ಗಿಣಿಗೇರಾದ್ದು ಗಣಿ ಉದ್ಯಮದವರದು. ಅನುಮತಿಗಾಗಿ ಫೋನ್ ಮಾಡಿದಾಗಲೇ ಇನ್ನೊಂದು ಮಾತು ಕೇಳಿಬಿಡಿ: ‘ಆ ಹೊತ್ತಿಗೆ ಇನ್ಯಾರು ಬರುತ್ತಿದ್ದಾರೆ, ಯಾರು ಹೊರಡುತ್ತಿದ್ದಾರೆ?’ ಉಡಾನ್ ಯೋಜನೆಯಡಿ ನಿಗದಿತ ವಿಮಾನ ಬರುವ ನಿಲ್ದಾಣವಾದರೆ ಅದರ ವೇಳೆಯನ್ನು ಬರೆದಿಟ್ಟುಕೊಂಡು, ಅದಕ್ಕೆ ಹಿಂದೆ ಮುಂದೆ ಅರ್ಧ ಗಂಟೆ ಬಿಟ್ಟು ನಿಮ್ಮ ವೇಳೆಯನ್ನು ಹೊಂದಿಸಿಕೊಳ್ಳಿ. ಡಿಕ್ಕಿ ತಪ್ಪಿಸುವ ಅತಿ ಅಗ್ಗದ ಉಪಾಯ ಎಂದರೆ ಇನ್ನೊಂದು ವಿಮಾನ ಇಲ್ಲದ ಹೊತ್ತಿಗೆ ಅಲ್ಲಿರುವುದು.

ಹೆಜ್ಜೆ 2: ಎಂಜಿನ್ ಚಾಲೂ ಮಾಡುವ ಮುನ್ನ ವಿಮಾನವನ್ನು ಸುತ್ತಿ ಬನ್ನಿ

ವಿಮಾನ ಎಳೆಯುವ ಸಲಾಕೆ, ಅಂದರೆ ಟೋ ಬಾರ್, ಮೂತಿಯ ಚಕ್ರಕ್ಕೆ ಸಿಕ್ಕಿಕೊಂಡೇ ಇದೆಯೇ? ಚಕ್ರಕ್ಕೆ ಅಡ್ಡವಿಟ್ಟ ಚಾಕ್ ತೆಗೆದದ್ದಾಯಿತೇ? ರೆಕ್ಕೆಯ ಎರಡೂ ತುದಿಗಳ ಸಾಲಿನಲ್ಲಿ ನಿಂತು ಮುಂದಕ್ಕೆ ನೋಡಿ; ಕುಳಿತ ಮೇಲೆ ಕಾಣದ ಕಂಬ, ನೀರಿನ ಟ್ಯಾಂಕರ್, ಏಣಿ ಈಗ ಕಾಣುತ್ತವೆ. ಹಿಂದಕ್ಕೂ ನೋಡಿ. ನಿಮ್ಮ ಪ್ರೊಪೆಲ್ಲರ್‌ನ ಗಾಳಿ ಯಾರ ಮೇಲೆ ಬೀಳಲಿದೆ? ನಮ್ಮ ಕರಿಮಣ್ಣಿನ ದೂಳು, ಬಳ್ಳಾರಿ ಕಡೆಯ ಕೆಂಪು ಅದಿರಿನ ದೂಳು ಒಮ್ಮೆ ಎದ್ದರೆ ಹಿಂದೆ ನಿಂತವನಿಗೆ ಅರ್ಧ ನಿಮಿಷ ಕಣ್ಣೇ ಕಾಣುವುದಿಲ್ಲ.

ಬೀಕನ್ ದೀಪ ಹಾಕಿದ ನಂತರವೇ ಎಂಜಿನ್ ಚಾಲೂ ಮಾಡಿ. ಕಿಟಕಿ ತೆರೆದು, ಪ್ರೊಪೆಲ್ಲರ್ ಬಳಿ ಯಾರೂ ಇರದಂತೆ ಗಟ್ಟಿಯಾಗಿ ಕೂಗಿ ಎಚ್ಚರಿಸಿ, ಉತ್ತರಕ್ಕೆ ಎರಡು ಕ್ಷಣ ಕಾಯಿರಿ. ಕೂಗುತ್ತಲೇ ಕೀ ತಿರುಗಿಸುವವರೇ ಹೆಚ್ಚು. ಅದು ಎಚ್ಚರಿಕೆಯಲ್ಲ, ಶಾಸ್ತ್ರ.

ಹೆಜ್ಜೆ 3: ಚಲಿಸಿದ ಮೊದಲ ಮೀಟರ್‌ನಲ್ಲೇ ಬ್ರೇಕ್ ಒತ್ತಿ ನೋಡಿ

ಬ್ರೇಕ್ ಹಿಡಿಯುವುದಿಲ್ಲ ಎಂಬ ಸಂಗತಿ ತಿಳಿಯಬೇಕಾದದ್ದು ವೇಗವಿಲ್ಲದಾಗ, ಮುಂದೆ ಏನೂ ಇಲ್ಲದಾಗ. ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇದ್ದರೆ ಅವರ ಕಡೆಯ ಬ್ರೇಕನ್ನೂ ಒತ್ತಿಸಿ. ಏಪ್ರನ್ ಮೇಲೆ ಚುರುಕಾಗಿ ನಡೆಯುವ ಮನುಷ್ಯನ ವೇಗ ಸಾಕು. ವೇಗ ತಗ್ಗಿಸಬೇಕಾದರೆ ಮೊದಲು ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ಹಿಂದಕ್ಕೆ, ಆಮೇಲೆ ಬ್ರೇಕ್. ಥ್ರಾಟಲ್ ಮುಂದಿಟ್ಟುಕೊಂಡೇ ಬ್ರೇಕ್ ತುಳಿಯುತ್ತ ಹೋದರೆ ಅದು ಕಾದು, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ.

ಮುಂದಿನ ಚಕ್ರ ಹಳದಿ ಮಧ್ಯಗೆರೆಯ ಮೇಲೆಯೇ ಇರಲಿ. ಆದರೆ ಮಧ್ಯಗೆರೆಯ ಮೇಲಿದ್ದೇನೆ ಎಂದು ರೆಕ್ಕೆಯ ತುದಿ ಕ್ಷೇಮವಾಗಿದೆ ಎಂದುಕೊಳ್ಳಬಾರದು. ಆ ಗೆರೆ ಎಳೆದವನಿಗೆ ಅದರ ಪಕ್ಕ ಯಾರೋ ವಿಮಾನವನ್ನು ಅಡ್ಡಾದಿಡ್ಡಿ ನಿಲ್ಲಿಸುತ್ತಾರೆಂದು ಗೊತ್ತಿರಲಿಲ್ಲ. ಸೆಸ್ನಾ 172ರ ರೆಕ್ಕೆಯ ಉದ್ದ ತುದಿಯಿಂದ ತುದಿಗೆ 11 ಮೀಟರ್. ಅಂದರೆ ನೀವು ಕುಳಿತಲ್ಲಿಂದ ಎರಡೂ ಕಡೆಗೆ ಸುಮಾರು ಐದೂವರೆ ಮೀಟರ್. ಬಾಡಿಗೆಗೆ ಬರುವ ಕಿಂಗ್ ಏರ್ ಬಿ200ರದು 16 ಮೀಟರ್‌ಗೂ ಹೆಚ್ಚು. ರಾಯಚೂರಿನ ಜಿನ್ನಿಂಗ್ ಮಿಲ್‌ಗಳಿಗೆ ಹತ್ತಿ ಹೊತ್ತು ಬರುವ ಲಾರಿಯ ಚಾಲಕ ತನ್ನ ಲಾರಿಯ ಅಗಲವನ್ನು ಬಾಗಿಲಿನಿಂದ ಅಳೆಯುವುದಿಲ್ಲ, ಹೊರಚಾಚಿದ ಹತ್ತಿಯಿಂದ ಅಳೆಯುತ್ತಾನೆ. ಪೈಲಟ್‌ಗೂ ಆ ಕಣ್ಣು ಬೇಕು. ಒಂದು ಚಕ್ರವನ್ನು ಊರಿ ಗಕ್ಕನೆ ತಿರುಗಿಸಿದಾಗ ಹೊರಗಿನ ರೆಕ್ಕೆಯ ತುದಿ ವಿಮಾನದ ಉಳಿದ ಭಾಗಕ್ಕಿಂತ ಬಹಳ ವೇಗವಾಗಿ ಬೀಸಿಕೊಂಡು ಬರುತ್ತದೆ, ಬಾಲ ಎದುರು ದಿಕ್ಕಿಗೆ ಸರಿಯುತ್ತದೆ. ತಗಲುವುದು ಹೆಚ್ಚಾಗಿ ಈ ಎರಡೇ.

ದೊಡ್ಡವರಿಗೂ ಈ ಲೆಕ್ಕ ತಪ್ಪುತ್ತದೆ. 2024ರ ಮಾರ್ಚ್ 27ರಂದು ಕೋಲ್ಕತ್ತದಲ್ಲಿ ರನ್‌ವೇ ಪ್ರವೇಶಕ್ಕೆ ಕಾಯುತ್ತ ನಿಂತಿದ್ದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ರೆಕ್ಕೆಗೆ ಟ್ಯಾಕ್ಸಿ ಮಾಡುತ್ತಿದ್ದ (ನೆಲದ ಮೇಲೆ ಸಾಗುತ್ತಿದ್ದ) ಇಂಡಿಗೊ ವಿಮಾನದ ರೆಕ್ಕೆ ಉಜ್ಜಿ, ತುದಿ ಮುರಿದು ಬಿತ್ತು. ಇಬ್ಬರು ತರಬೇತಾದ ಪೈಲಟ್‌ಗಳು, ಅಳೆದು ಬರೆದ ಟ್ಯಾಕ್ಸಿವೇ, ಎಟಿಸಿ (ವಾಯು ಸಂಚಾರ ನಿಯಂತ್ರಣ) ಎಲ್ಲವೂ ಇದ್ದ ಕಡೆ.

ರೆಕ್ಕೆ ದಾಟುತ್ತದೋ ಇಲ್ಲವೋ ಎಂಬ ಪ್ರಶ್ನೆ ಮನಸ್ಸಿಗೆ ಬಂದರೆ ಅದೇ ಉತ್ತರ: ನಿಲ್ಲಿಸಿ. ರೆಕ್ಕೆಯ ತುದಿಯಲ್ಲಿ ನಡೆಯಲು ಒಬ್ಬರನ್ನು ಕರೆಯಿರಿ. ಯಾರೂ ಇಲ್ಲದಿದ್ದರೆ ಎಂಜಿನ್ ಆರಿಸಿ, ಇಳಿದು ನೋಡಿ, ಟೋ ಬಾರ್ ಹಾಕಿ ಕೈಯಿಂದ ತಳ್ಳಿ. ಮರ್ಯಾದೆ ಹೋಗುತ್ತದೆ ಎಂದು ಅಂಜುವವರಿಗೆ ಒಂದು ಮಾತು: ಪ್ರೊಪೆಲ್ಲರ್ ಏನಕ್ಕಾದರೂ ಬಡಿದರೆ ಎಂಜಿನ್ನನ್ನೇ ಬಿಚ್ಚಿ ಪರೀಕ್ಷಿಸಬೇಕೆಂದು ತಯಾರಕರು ಹೇಳುತ್ತಾರೆ. ತಳ್ಳುವುದು ಅದಕ್ಕಿಂತ ಅಗ್ಗ.

ಬಾಲಚಕ್ರದ ವಿಮಾನವಾದರೆ ಮೂತಿ ಆಕಾಶ ನೋಡುತ್ತಿರುತ್ತದೆ, ಮುಂದಿನದು ಏನೂ ಕಾಣುವುದಿಲ್ಲ. ಎಡಕ್ಕೆ ಬಲಕ್ಕೆ ಹಾವಿನಂತೆ ಹೊರಳುತ್ತಲೇ ಟ್ಯಾಕ್ಸಿ ಮಾಡಬೇಕು.

ಹೆಜ್ಜೆ 4: ಎದುರಾದರೆ ಬಲಕ್ಕೆ

ರಸ್ತೆಯಲ್ಲಿ ಎಡಕ್ಕೆ ಸರಿಯುವುದು ನಮಗೆಲ್ಲ ಬಾಲ್ಯದಿಂದ ರೂಢಿ. ವಿಮಾನದಲ್ಲಿ ಆ ರೂಢಿಯೇ ಶತ್ರು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ನೆಲದ ಮೇಲೆ ಎರಡು ವಿಮಾನಗಳು ಮುಖಾಮುಖಿಯಾದರೆ ಇಬ್ಬರೂ ನಿಲ್ಲಬೇಕು, ಜಾಗವಿದ್ದರೆ ಇಬ್ಬರೂ ಬಲಕ್ಕೆ ಸರಿಯಬೇಕು. ಗಾಬರಿಯಾದಾಗ ಕಾಲು ಕಲಿತದ್ದನ್ನಲ್ಲ, ರೂಢಿಯನ್ನು ಮಾಡುತ್ತದೆ. ಹಾಗಾಗಿ ಒಬ್ಬರೇ ಟ್ಯಾಕ್ಸಿ ಮಾಡುವಾಗಲೂ ‘ಈಗ ಎದುರಿಗೆ ಬಂದರೆ ಬಲಕ್ಕೆ’ ಎಂದು ಮನಸ್ಸಿನಲ್ಲೇ ಆಡಿಕೊಳ್ಳಿ.

ದಾರಿಗಳು ಕೂಡುವಲ್ಲಿ, ತನ್ನ ಬಲಗಡೆ ಇನ್ನೊಂದು ವಿಮಾನ ಕಂಡವನು ದಾರಿ ಬಿಡಬೇಕು. ಹಿಂದಿನಿಂದ ಹಿಂದಿಕ್ಕುವವನು ಮುಂದಿನವನಿಗೆ ಸಾಕಷ್ಟು ದೂರ ಬಿಟ್ಟೇ ಹೋಗಬೇಕು. ಟೇಕ್‌ಆಫ್ ಮಾಡುತ್ತಿರುವ, ಇನ್ನೇನು ಮಾಡಲಿರುವ ವಿಮಾನಕ್ಕೆ ಟ್ಯಾಕ್ಸಿ ಮಾಡುವ ವಿಮಾನ ದಾರಿ ಬಿಡಬೇಕು. ವಾಹನಗಳಂತೂ ಎಲ್ಲ ವಿಮಾನಗಳಿಗೂ ದಾರಿ ಬಿಡಬೇಕು; ಆದರೆ ಚಾಲಕನಿಗೆ ಈ ನಿಯಮ ಗೊತ್ತಿದೆ ಎಂದು ನಂಬಿ ಮುಂದೆ ಹೋಗಬೇಡಿ.

ಹೆಜ್ಜೆ 5: ಚೆಕ್‌ಲಿಸ್ಟ್ ಓದುವುದಿದ್ದರೆ ನಿಂತು ಓದಿ

ಚಲಿಸುವ ವಿಮಾನದಲ್ಲಿ ಕಣ್ಣು ಹೊರಗೇ ಇರಬೇಕು. ಆವರ್ತನ ಬದಲಾಯಿಸುವುದು, ಜಿಪಿಎಸ್‌ಗೆ ಮಾರ್ಗ ತುಂಬುವುದು, ಪ್ರಯಾಣಿಕರಿಗೆ ಹಂಪಿಯ ದಿಕ್ಕು ತೋರಿಸುವುದು ಎಲ್ಲವನ್ನೂ ಬ್ರೇಕ್ ಹಾಕಿಕೊಂಡು ಮಾಡಿ. ಎಂಜಿನ್ ಚಾಲೂ ಆದ ಮೇಲೆ ಮೇಲೇರುವವರೆಗೆ ಹಾರಾಟಕ್ಕೆ ಸಂಬಂಧವಿಲ್ಲದ ಮಾತು ಬೇಡ ಎಂದು ಪ್ರಯಾಣಿಕರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಜೊತೆಗೆ, ‘ಬೇರೆ ವಿಮಾನ, ವಾಹನ, ನಾಯಿ, ಏನು ಕಂಡರೂ ನನಗೆ ಹೇಳಿ’ ಎನ್ನಿ. ಸುಮ್ಮನೆ ಕೂರುವ ಎರಡು ಜೋಡಿ ಕಣ್ಣುಗಳು ಕೆಲಸಕ್ಕೆ ಬರುತ್ತವೆ.

ರನ್‌ಅಪ್ (ಹೊರಡುವ ಮುನ್ನ ನಿಂತಲ್ಲೇ ಮಾಡುವ ಎಂಜಿನ್ ಪರೀಕ್ಷೆ) ಹೊತ್ತಿನಲ್ಲಿ ಇನ್ನೊಂದು ಬಗೆಯ ಡಿಕ್ಕಿ ಕಾದಿರುತ್ತದೆ. ಎಂಜಿನ್ ನಿಮಿಷಕ್ಕೆ 1,700–1,800 ಸುತ್ತಿಗೆ ಏರಿರುತ್ತದೆ, ಪೈಲಟ್‌ನ ತಲೆ ಮ್ಯಾಗ್ನೆಟೊ ಸ್ವಿಚ್ಚಿನ ಕಡೆ ಬಗ್ಗಿರುತ್ತದೆ, ಪಾರ್ಕಿಂಗ್ ಬ್ರೇಕ್ ಮೆಲ್ಲಗೆ ಜಾರುತ್ತಿರುತ್ತದೆ. ವಿಮಾನ ನುಣ್ಣಗೆ ಮುಂದೆ ಹೋಗುತ್ತಿರುವುದು ಒಳಗಿದ್ದವನಿಗೆ ತಿಳಿಯುವುದೇ ಇಲ್ಲ. ಕಾಲಿನ ಬ್ರೇಕನ್ನೂ ಒತ್ತಿ ಹಿಡಿಯಿರಿ. ಹೊರಗಿನ ಒಂದು ಕಲ್ಲನ್ನೋ ದೀಪದ ಬುಡವನ್ನೋ ಗುರುತಿಟ್ಟುಕೊಂಡು, ಪ್ರತಿ ಮಾಪಕ ನೋಡಿದ ಮೇಲೆ ಒಮ್ಮೆ ಅದರ ಕಡೆ ಕಣ್ಣು ಹಾಯಿಸಿ. ಮುಂದಿನ ವಿಮಾನದ ಬಾಲಕ್ಕೆ ಮೂತಿ ಹಚ್ಚಿ ರನ್‌ಅಪ್ ಮಾಡಬೇಡಿ. ಸ್ವಲ್ಪ ಓರೆಯಾಗಿ, ಮುಂದೆ ಬಯಲು ಇರುವಂತೆ ನಿಲ್ಲಿ.

ಹೆಜ್ಜೆ 6: ನಾಲ್ಕು ಹಳದಿ ಗೆರೆಗಳ ಮುಂದೆ

ಟ್ಯಾಕ್ಸಿವೇ ರನ್‌ವೇಯನ್ನು ಸೇರುವ ಮುನ್ನ ನೆಲದ ಮೇಲೆ ಅಡ್ಡಲಾಗಿ ನಾಲ್ಕು ಹಳದಿ ಗೆರೆಗಳಿರುತ್ತವೆ: ಎರಡು ಅಖಂಡ, ಎರಡು ತುಂಡು ತುಂಡು. ಅಖಂಡ ಗೆರೆಗಳು ನಿಮ್ಮ ಕಡೆಗಿದ್ದರೆ ಅನುಮತಿಯಿಲ್ಲದೆ ದಾಟುವಂತಿಲ್ಲ. ತುಂಡು ಗೆರೆಗಳು ನಿಮ್ಮ ಕಡೆಗಿದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ. ದಾಟಿ ಬನ್ನಿ, ನಿಲ್ಲಬೇಡಿ. ಪಕ್ಕದ ಫಲಕಗಳಲ್ಲಿ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರವಿದ್ದರೆ ಅದು ಆಜ್ಞೆ. ಕಪ್ಪಿನ ಮೇಲೆ ಹಳದಿ ಎಂದರೆ ನೀವೀಗ ಎಲ್ಲಿದ್ದೀರಿ ಎಂಬುದು. ಹಳದಿಯ ಮೇಲೆ ಕಪ್ಪು ಎಂದರೆ ಮುಂದಿನ ದಾರಿ ಎತ್ತ ಎಂಬುದು.

ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಈ ಬಣ್ಣ ಬಿಸಿಲಿಗೆ ಮಾಸಿರಬಹುದು, ದೂಳಿನಡಿ ಮುಚ್ಚಿರಬಹುದು, ಫಲಕವೇ ಇಲ್ಲದಿರಬಹುದು. ಇದು ಕ್ಷುಲ್ಲಕ ವಿಷಯವಲ್ಲ. 2001ರ ಅಕ್ಟೋಬರ್ 8ರ ಬೆಳಿಗ್ಗೆ ಇಟಲಿಯ ಮಿಲಾನ್ ಲಿನಾಟೆ ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ಒಂದು ಪುಟ್ಟ ಸೆಸ್ನಾ ಸೈಟೇಶನ್ ಜೆಟ್ ಆರ್5 ಎಂಬ ದಾರಿಗೆ ಬದಲು ಆರ್6 ಹಿಡಿದು ರನ್‌ವೇಗೆ ಬಂದುಬಿಟ್ಟಿತು. ಅದೇ ಹೊತ್ತಿಗೆ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್‌ನ ಎಂಡಿ-87 ಟೇಕ್‌ಆಫ್ ಓಟದಲ್ಲಿತ್ತು. 118 ಜನ ಸತ್ತರು. ಅಲ್ಲಿನ ಗುರುತುಗಳು, ಫಲಕಗಳು ಅಸಮರ್ಪಕವಾಗಿದ್ದವು, ನೆಲದ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ದಾರಿ ತಪ್ಪಿದ ಅನುಮಾನ ಬಂದರೆ ನಿಂತು, ರೇಡಿಯೊದಲ್ಲಿ ಹಾಗೆಂದೇ ಹೇಳಿ. ನಿಂತದ್ದು ರನ್‌ವೇ ಮೇಲೆ ಎನ್ನಿಸಿದರೆ ಮಾತ್ರ ಮೊದಲು ಹೊರಗೆ ಬನ್ನಿ, ಮಾತು ಆಮೇಲೆ.

ಗೆರೆಯ ಮುಂದೆ ನಿಂತಾಗ ವಿಮಾನವನ್ನು ಓರೆಯಾಗಿ ತಿರುಗಿಸಿ, ಇಳಿಯುವ ದಿಕ್ಕು ಪೂರ್ತಿ ಕಾಣುವಂತೆ ಮಾಡಿಕೊಳ್ಳಿ. ರೆಕ್ಕೆ ಮೇಲಿರುವ ವಿಮಾನದಲ್ಲಿ ಕುಳಿತವನಿಗೆ ಇಳಿಯಲು ಬರುವ ವಿಮಾನವನ್ನು ತನ್ನ ರೆಕ್ಕೆಯೇ ಮರೆಮಾಡುತ್ತದೆ. ಎರಡೂ ತುದಿ ನೋಡಿ. ಗಾಳಿ ಇಲ್ಲದ ದಿನ ಯಾರಾದರೂ ಎದುರು ತುದಿಯಿಂದಲೂ ಬರಬಹುದು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಡಾಂಬರಿನ ಮೇಲೆ ಕಾವಿನ ಅಲೆ ಎದ್ದು, ರನ್‌ವೇಯ ಆ ತುದಿ ನೀರಿನಂತೆ ನಡುಗುತ್ತದೆ. ಅಲ್ಲಿ ನಿಂತ ಬಿಳಿಯ ಸಣ್ಣ ವಿಮಾನ ಆ ನಡುಕದಲ್ಲಿ ಕರಗಿಹೋಗುತ್ತದೆ. ‘ಏನೂ ಕಾಣುತ್ತಿಲ್ಲ’ ಎನ್ನುವುದೂ ‘ಏನೂ ಇಲ್ಲ’ ಎನ್ನುವುದೂ ಆ ಹೊತ್ತಿನಲ್ಲಿ ಒಂದೇ ಅಲ್ಲ.

ರನ್‌ವೇ ಹೊಕ್ಕ ಕೂಡಲೇ ಸ್ಟ್ರೋಬ್ (ಮಿಂಚಿನಂತೆ ಮಿನುಗುವ ಬಿಳಿ ದೀಪ) ಮತ್ತು ಲ್ಯಾಂಡಿಂಗ್ ದೀಪ ಹಾಕಿ. ದಿಕ್ಸೂಚಿಯನ್ನು ರನ್‌ವೇ ಸಂಖ್ಯೆಗೆ ಹೋಲಿಸಿ. 13 ಎಂದಿದ್ದರೆ ಅದು ಸುಮಾರು 130 ಡಿಗ್ರಿ ತೋರಿಸಬೇಕು.

ಹೆಜ್ಜೆ 7: ರೇಡಿಯೊದಲ್ಲಿ ಕೇಳದ ಉತ್ತರವನ್ನು ಊಹಿಸಬೇಡಿ

ಎಟಿಸಿ ಇರುವಲ್ಲಿ ರನ್‌ವೇಗೆ ಸಂಬಂಧಿಸಿದ ಪ್ರತಿ ಸೂಚನೆಯನ್ನೂ, ವಿಶೇಷವಾಗಿ ‘ಹೋಲ್ಡ್ ಶಾರ್ಟ್’ (ರನ್‌ವೇಗೆ ಮುನ್ನವೇ ನಿಲ್ಲು), ‘ಲೈನ್ ಅಪ್’ (ರನ್‌ವೇ ಮೇಲೆ ಬಂದು ಸಿದ್ಧವಾಗಿ ನಿಲ್ಲು) ಮತ್ತು ರನ್‌ವೇ ದಾಟುವ ಅನುಮತಿಯನ್ನು, ನಿಮ್ಮ ವಿಮಾನದ ಗುರುತಿನೊಂದಿಗೆ ಪೂರ್ತಿ ತಿರುಗಿ ಹೇಳಬೇಕು. ಬರೀ ‘ರೋಜರ್’ ಎಂದರೆ ಕೇಳಿಸಿತು ಎಂದಷ್ಟೇ, ಅರ್ಥವಾಯಿತು ಎಂದಲ್ಲ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಕೋಸ್ಟ್ ಗಾರ್ಡ್‌ನ ಡ್ಯಾಶ್ 8 ವಿಮಾನಕ್ಕೆ, ಹೊರಡುವ ಸರದಿಯಲ್ಲಿ ನೀನು ಮೊದಲನೆಯವನು, ಹೋಲ್ಡಿಂಗ್ ಪಾಯಿಂಟ್‌ಗೆ (ರನ್‌ವೇಗೆ ಮುನ್ನ ನಿಲ್ಲುವ ಜಾಗಕ್ಕೆ) ಬಾ ಎಂದಷ್ಟೇ ಸೂಚನೆ ಹೋಗಿತ್ತು. ಅದನ್ನು ಸರಿಯಾಗಿಯೇ ತಿರುಗಿ ಹೇಳಿದ ಮೇಲೂ ವಿಮಾನ ರನ್‌ವೇಗೆ ಹೋಗಿ ಸುಮಾರು 40 ಸೆಕೆಂಡು ನಿಂತಿತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350 ಅದಕ್ಕೆ ಅಪ್ಪಳಿಸಿತು. ಜಪಾನ್ ಏರ್‌ಲೈನ್ಸ್‌ನ 379 ಜನರೂ ಉಳಿದರು, ಪುಟ್ಟ ವಿಮಾನದ ಆರು ಜನರಲ್ಲಿ ಐವರು ಉಳಿಯಲಿಲ್ಲ. ಸರದಿಯಲ್ಲಿ ಮೊದಲನೆಯವನಾಗುವುದು ಅನುಮತಿಯಲ್ಲ.

ಎಟಿಸಿ ಇಲ್ಲದ ಕಡೆ, ಇಲ್ಲದ ಹೊತ್ತಿನಲ್ಲಿ, ಆ ರನ್‌ವೇಗೆ ನಿಗದಿಯಾದ ಆವರ್ತನದಲ್ಲಿ ನೀವೇ ನಿಮ್ಮ ಇರವನ್ನು ಸಾರಬೇಕು: ಯಾವ ನಿಲ್ದಾಣ, ಯಾವ ವಿಮಾನ, ಎಲ್ಲಿದ್ದೀರಿ, ಏನು ಮಾಡಲಿದ್ದೀರಿ, ಕೊನೆಯಲ್ಲಿ ಮತ್ತೊಮ್ಮೆ ನಿಲ್ದಾಣದ ಹೆಸರು. ಟ್ಯಾಕ್ಸಿ ಆರಂಭಿಸುವ ಮುನ್ನ, ರನ್‌ವೇ ಹೊಗುವ ಮುನ್ನ, ಟೇಕ್‌ಆಫ್‌ಗೆ ಮುನ್ನ, ಇಳಿದು ಹೊರಬಂದ ಮೇಲೆ ಹೀಗೆ ಹೇಳಿ. ಪ್ರತಿ ಸಲ ಹೇಳುವುದಕ್ಕೆ ಮುನ್ನ ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ. ದನಿಯ ಗುಂಡಿ ತಗ್ಗಿಸಿಟ್ಟು ಮರೆತಿಲ್ಲವಷ್ಟೇ?

ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ 1996ರ ನವೆಂಬರ್ 19ರ ಮುಸ್ಸಂಜೆ ನಡೆದದ್ದನ್ನು ನಾನು ಪ್ರತಿ ವಿದ್ಯಾರ್ಥಿಗೂ ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ಅದು ನಮ್ಮಂಥದ್ದೇ ನಿಲ್ದಾಣ, ಎಟಿಸಿ ಇಲ್ಲದ್ದು. ಬೀಚ್ 1900 ವಿಮಾನವೊಂದು ರನ್‌ವೇ 13ರಲ್ಲಿ ಇಳಿಯಲು ಬರುತ್ತಿತ್ತು. ಅದನ್ನು ಅಡ್ಡ ಹಾಯುವ ರನ್‌ವೇ 04ರ ತುದಿಯಲ್ಲಿ ಒಂದು ಕಿಂಗ್ ಏರ್, ಅದರ ಹಿಂದೆ ಒಂದು ಚೆರೊಕೀ ನಿಂತಿದ್ದವು. ಬೀಚ್‌ನ ಪೈಲಟ್ ಕೇಳಿದರು: ರನ್‌ವೇ 04ರ ಮೇಲಿರುವವರು ಕಾಯುತ್ತೀರೋ, ಹೊರಡುತ್ತೀರೋ? ಕಿಂಗ್ ಏರ್ ತುಟಿ ಬಿಚ್ಚಲಿಲ್ಲ. ಹಿಂದಿದ್ದ ಚೆರೊಕೀಯ ಪೈಲಟ್ ತಾನು ಕಾಯುತ್ತಿರುವುದಾಗಿ ಹೇಳಿದರು. ಆ ಮಾತಿನ ನಡುವೆ ಬೀಚ್‌ನ ಒಳಗೆ ಎತ್ತರ ಸಾರುವ ಯಂತ್ರದ ದನಿ ಅಡ್ಡ ಬಂತು. ‘ಕಿಂಗ್ ಏರ್’ ಎಂಬ ಪದವೂ ಎಲ್ಲೋ ಕಿವಿಗೆ ಬಿತ್ತು. ಕಿಂಗ್ ಏರ್ ಕಾಯುತ್ತದೆ ಎಂದು ನಂಬಿ ಬೀಚ್ ಇಳಿಯಿತು. ಕಿಂಗ್ ಏರ್ ಟೇಕ್‌ಆಫ್ ಓಟ ಆರಂಭಿಸಿತ್ತು. ರನ್‌ವೇಗಳು ಕೂಡುವಲ್ಲಿ ಎರಡೂ ಡಿಕ್ಕಿಯಾದವು; ಎರಡೂ ವಿಮಾನಗಳಲ್ಲಿದ್ದ 14 ಜನರೂ ಸತ್ತರು. ಕಿಂಗ್ ಏರ್‌ನವರು ರೇಡಿಯೊ ಆಲಿಸಲಿಲ್ಲ, ಸುತ್ತ ಸರಿಯಾಗಿ ನೋಡಲಿಲ್ಲ ಎಂದು ತನಿಖೆ ಹೇಳಿತು.

ಇದರಿಂದ ಎರಡು ಪದ್ಧತಿ ರೂಢಿಸಿಕೊಳ್ಳಿ. ಪ್ರಶ್ನೆ ನಿಮಗಲ್ಲದಿದ್ದರೆ ಉತ್ತರಿಸಬೇಡಿ. ಉತ್ತರಿಸಲೇಬೇಕೆನಿಸಿದರೆ ನೀವು ಯಾರು ಎಂಬುದನ್ನು ಮೊದಲ ಪದವಾಗಿಸಿ. ಇಳಿಯುವವರು ನೀವಾಗಿದ್ದು, ಕೇಳಿದ ಪ್ರಶ್ನೆಗೆ ಕೇಳಿದ ವಿಮಾನದಿಂದಲೇ ಉತ್ತರ ಬರದಿದ್ದರೆ ಇಳಿಯಬೇಡಿ, ಮೇಲೆದ್ದು ಒಂದು ಸುತ್ತು ಬನ್ನಿ. ಇಂಧನ ಖರ್ಚಾಗುತ್ತದೆ, ಆಗಲಿ.

ರೇಡಿಯೊ ಕೆಟ್ಟರೆ ಎಟಿಸಿ ಗೋಪುರದಿಂದ ದೀಪದ ಸಂಕೇತ ಬರುತ್ತದೆ. ನೆಲದ ಮೇಲಿರುವ ವಿಮಾನಕ್ಕೆ ಮಿನುಗುವ ಹಸಿರು ಎಂದರೆ ಟ್ಯಾಕ್ಸಿ ಮಾಡಬಹುದು, ಸ್ಥಿರ ಹಸಿರು ಎಂದರೆ ಟೇಕ್‌ಆಫ್ ಮಾಡಬಹುದು. ಸ್ಥಿರ ಕೆಂಪು ಎಂದರೆ ನಿಲ್ಲಿ. ಮಿನುಗುವ ಕೆಂಪು ಎಂದರೆ ಬಳಕೆಯಲ್ಲಿರುವ ರನ್‌ವೇ ಬಿಟ್ಟು ಆಚೆ ಹೋಗಿ. ಮಿನುಗುವ ಬಿಳಿ ಎಂದರೆ ಹೊರಟಲ್ಲಿಗೆ ಹಿಂದಿರುಗಿ. ಪರೀಕ್ಷೆಗೆ ಉರು ಹೊಡೆದು ಮರೆಯುವ ಪಾಠವಿದು. ಒಂದು ಚೀಟಿಯಲ್ಲಿ ಬರೆದು ತೊಡೆಯ ಮೇಲಿನ ಹಲಗೆಗೆ ಅಂಟಿಸಿ.

ಹೆಜ್ಜೆ 8: ಬ್ಯಾಕ್‌ಟ್ರ್ಯಾಕ್ ಲೆಕ್ಕ

ಸಮಾನಾಂತರ ಟ್ಯಾಕ್ಸಿವೇ ಇಲ್ಲದ ಕಡೆ ಟೇಕ್‌ಆಫ್ ತುದಿಗೆ ಹೋಗಲು ರನ್‌ವೇಯ ಮೇಲೆಯೇ ಟೇಕ್‌ಆಫ್‌ನ ವಿರುದ್ಧ ದಿಕ್ಕಿನಲ್ಲಿ ಸಾಗಿ, ಕೊನೆಯಲ್ಲಿ ತಿರುಗಬೇಕು. ಇದೇ ಬ್ಯಾಕ್‌ಟ್ರ್ಯಾಕ್. ಸಣ್ಣ ಏರ್‌ಸ್ಟ್ರಿಪ್‌ಗಳಲ್ಲಿ ಇದಕ್ಕಿಂತ ಅಪಾಯದ ಹೊತ್ತು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡಿ. 1,500 ಮೀಟರ್ ರನ್‌ವೇಯನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗಲು ನಾಲ್ಕೂವರೆ ನಿಮಿಷ ಬೇಕು. ತಿರುಗಿ, ಸಾಲಿಗೆ ಬಂದು, ಕೊನೆಯ ತಪಾಸಣೆ ಮುಗಿಸಲು ಇನ್ನೊಂದು ನಿಮಿಷ. ಒಟ್ಟು ಐದೂವರೆ ನಿಮಿಷ ನೀವು ರನ್‌ವೇಯ ಮೇಲಿರುತ್ತೀರಿ. 120 ನಾಟ್ (ಗಂಟೆಗೆ ಸುಮಾರು 222 ಕಿಲೋಮೀಟರ್) ವೇಗದಲ್ಲಿ ಬರುವ ವಿಮಾನ ಆ ಅವಧಿಯಲ್ಲಿ 20 ಕಿಲೋಮೀಟರ್ ದಾಟುತ್ತದೆ. ಗಿಣಿಗೇರಾದಲ್ಲಿ ನೀವು ರನ್‌ವೇ ಹೊಕ್ಕಾಗ ತುಂಗಭದ್ರಾ ಅಣೆಕಟ್ಟಿನ ಸುತ್ತ ಎಲ್ಲೋ ಇದ್ದು ಕಣ್ಣಿಗೆ ಕಾಣದಿದ್ದ ವಿಮಾನ ನೀವು ತಿರುಗುವಷ್ಟರಲ್ಲಿ ತಲೆಯ ಮೇಲಿರುತ್ತದೆ. ಹಾಗಾಗಿ ಹೊಗುವ ಮುನ್ನ ಕಣ್ಣಿಗೆ ಕಾಣುವ ಆಕಾಶ ಖಾಲಿ ಇದ್ದರೆ ಸಾಲದು. ಬರುತ್ತಿರುವವರು ಎಷ್ಟು ನಿಮಿಷ ದೂರದಲ್ಲಿದ್ದಾರೆ ಎಂದು ರೇಡಿಯೊದಲ್ಲಿ ಕೇಳಿ. ಹತ್ತು ನಿಮಿಷದೊಳಗೆ ಯಾರಾದರೂ ಬರುವುದಿದ್ದರೆ ಅವರು ಇಳಿದು ಹೊರಬರುವವರೆಗೆ ಕಾಯಿರಿ.

ಬ್ಯಾಕ್‌ಟ್ರ್ಯಾಕ್ ಮಾಡುವಾಗ ಇಳಿಯಲು ಬರುವವನ ಕಡೆಗೆ ನಿಮ್ಮ ಮುಖವಿರುತ್ತದೆ. ಅದು ಅನುಕೂಲ, ಬಳಸಿಕೊಳ್ಳಿ. ಲ್ಯಾಂಡಿಂಗ್ ದೀಪ ಹಾಕಿಟ್ಟರೆ ಎದುರಿನಿಂದ ಬರುವವನಿಗೆ ನೀವು ದೂರದಿಂದಲೇ ಕಾಣುತ್ತೀರಿ. ಪೂರ್ತಿ ಉದ್ದ ಬೇಕಿಲ್ಲದ ವಿಮಾನವಾದರೂ ಬೇಸಿಗೆಯ ಬಿಸಿ ಗಾಳಿಯಲ್ಲಿ ಲೆಕ್ಕ ಹಾಕದೆ ಅರ್ಧದಿಂದ ಹೊರಡಬೇಡಿ. ಲೆಕ್ಕದಲ್ಲಿ ಸಾಕೆಂದು ಬಂದರೆ ಅಷ್ಟೇ ದೂರ ಹೋಗಿ ತಿರುಗಿ. ರನ್‌ವೇಯ ಮೇಲಿನ ಹೊತ್ತು ಅರ್ಧಕ್ಕಿಳಿಯುತ್ತದೆ. ತಿರುಗಿದ ಮೇಲೆ ಅಲ್ಲಿ ನಿಂತು ಚೆಕ್‌ಲಿಸ್ಟ್ ತೆಗೆಯಬೇಡಿ, ಏಕೆಂದರೆ ಈಗ ನಿಮ್ಮ ಬೆನ್ನು ಇಳಿಯುವವನ ಕಡೆಗಿದೆ. ತಪಾಸಣೆಯೆಲ್ಲ ರನ್‌ವೇ ಹೊಗುವ ಮುನ್ನವೇ ಮುಗಿದಿರಬೇಕು.

ವಿಮಾನಯಾನದ ಅತಿ ಘೋರ ಅಪಘಾತ ನಡೆದದ್ದು ಬ್ಯಾಕ್‌ಟ್ರ್ಯಾಕ್ ಹೊತ್ತಿನಲ್ಲೇ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಬೇರೆಡೆಯಿಂದ ತಿರುಗಿಸಿದ ವಿಮಾನಗಳು ಟ್ಯಾಕ್ಸಿವೇ ತುಂಬಿದ್ದವು. ಕೆಎಲ್ಎಂ ಸಂಸ್ಥೆಯ ಬೋಯಿಂಗ್ 747 ರನ್‌ವೇಯ ಮೇಲೆಯೇ ಸಾಗಿ ತುದಿಯಲ್ಲಿ ತಿರುಗಿ ನಿಂತಿತು. ಪ್ಯಾನ್ ಆ್ಯಮ್‌ನ 747 ಅದರ ಹಿಂದೆಯೇ ಬ್ಯಾಕ್‌ಟ್ರ್ಯಾಕ್ ಮಾಡುತ್ತ ಇನ್ನೂ ರನ್‌ವೇಯ ಮೇಲಿತ್ತು. ಮಂಜಿನಲ್ಲಿ ಇಬ್ಬರಿಗೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಎಟಿಸಿಯೂ ಪ್ಯಾನ್ ಆ್ಯಮ್‌ನವರೂ ಒಂದೇ ಕ್ಷಣದಲ್ಲಿ ಮಾತಾಡಿದ್ದರಿಂದ ಕೆಎಲ್ಎಂ ಕಿವಿಗೆ ಬಿದ್ದದ್ದು ಬರೀ ಕೀರಲು ಸದ್ದು. 583 ಜನ ಸತ್ತರು. ಟೇಕ್‌ಆಫ್ ಎಂಬ ಪದವನ್ನು ಆ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಬಳಸುವ ಪದ್ಧತಿ ಗಟ್ಟಿಯಾದದ್ದು ಅದರ ನಂತರ. ನೀವೂ ಬೇರೆ ಸಂದರ್ಭದಲ್ಲಿ ಆ ಪದ ಬಳಸಬೇಡಿ. ಇಬ್ಬರು ಒಟ್ಟಿಗೆ ಮಾತಾಡಿ ಕೀರಲು ಕೇಳಿಸಿದರೆ ಮತ್ತೆ ಕೇಳಿ ಖಚಿತಪಡಿಸಿಕೊಳ್ಳದೆ ಕದಲಬೇಡಿ.

ಹೆಜ್ಜೆ 9: ಇಳಿದ ಮೇಲೆ

ಚಕ್ರ ನೆಲ ಮುಟ್ಟಿದ್ದೇ ತಡ ಜೀವ ಬಂದಂತಾಗಿ ಫ್ಲಾಪ್, ದೀಪ, ರೇಡಿಯೊಗಳ ಕಡೆ ಕೈ ಹೋಗುತ್ತದೆ. ತಡೆಯಿರಿ. ಬಾಲ ಕೂಡ ಹಳದಿ ಗೆರೆ ದಾಟುವವರೆಗೆ ನೀವು ರನ್‌ವೇಯ ಮೇಲಿದ್ದೀರಿ. ದಾಟಿ, ನಿಂತು, ಹೊರಬಂದೆ ಎಂದು ರೇಡಿಯೊದಲ್ಲಿ ಹೇಳಿ, ಆಮೇಲೆ ಉಳಿದದ್ದು.

ಹತ್ತಿರದಲ್ಲಿ ಹೆಲಿಕಾಪ್ಟರ್ ತೇಲುತ್ತಿದ್ದರೆ ಅದರ ರೋಟರ್ ಅಗಲದ ಮೂರು ಪಟ್ಟು ದೂರದೊಳಗೆ ಹೋಗಬೇಡಿ. ಕಟ್ಟದೆ ನಿಲ್ಲಿಸಿದ ಸಣ್ಣ ವಿಮಾನವನ್ನು ಆ ಗಾಳಿ ಪಕ್ಕದ ವಿಮಾನದ ಮೇಲೆ ತಿರುಗಿಸಿ ಎಸೆಯಬಲ್ಲದು. ಚಾಕ್ ಹಾಕಿದರೆ ಸಾಲದು, ಹಗ್ಗ ಕಟ್ಟಿ.

ಹೆಜ್ಜೆ 10: ಗಣ್ಯರ ಭೇಟಿಯ ದಿನ ನೆಲದಲ್ಲಿರುವವರಿಗೆ

ಈ ಭಾಗ ಭದ್ರತಾ ಸಿಬ್ಬಂದಿ, ಚಾಲಕರು, ಸ್ವಾಗತಕ್ಕೆ ಬರುವ ಮುಖಂಡರಿಗಾಗಿ. ವಿಮಾನ ಬರುವ ಹತ್ತು ನಿಮಿಷ ಮುನ್ನ ಒಂದು ಜೀಪು ರನ್‌ವೇಯ ಈ ತುದಿಯಿಂದ ಆ ತುದಿಗೆ ಹೋಗಿ ಬರಬೇಕು. ನಾಯಿ, ಕುರಿ, ದನ, ಅಡ್ಡ ದಾಟುವ ಜನ ಎಲ್ಲವನ್ನೂ ತೆರವು ಮಾಡಿ, ತಾನೂ ಹೊರಬಂದು, ಹೊರಬಂದೆ ಎಂದು ಹೇಳಬೇಕು. ಕೊನೆಯದನ್ನು ಮರೆಯುವವರು ಬಹಳ.

ವಿಮಾನದ ಮೇಲೆ ಕೆಂಪು ಬೀಕನ್ ಮಿನುಗುತ್ತಿದೆ ಎಂದರೆ ಎಂಜಿನ್ ಓಡುತ್ತಿದೆ, ಇಲ್ಲವೇ ಇನ್ನೇನು ಓಡಲಿದೆ. ಅದು ಆರುವವರೆಗೆ ಕಾರಾಗಲಿ ಜನರಾಗಲಿ ಹತ್ತಿರ ಹೋಗಬಾರದು. ಮೂತಿಯಲ್ಲಿ ಪ್ರೊಪೆಲ್ಲರ್ ಇರುವ ವಿಮಾನಕ್ಕೆ ರೆಕ್ಕೆಯ ಹಿಂದಿನಿಂದ ಹೋಗಬೇಕು. ಹೆಲಿಕಾಪ್ಟರ್‌ಗೆ ಇದಕ್ಕೆ ತದ್ವಿರುದ್ಧ: ಪೈಲಟ್‌ನ ಕಣ್ಣಿಗೆ ಬೀಳುವಂತೆ ಮುಂದಿನ ಪಕ್ಕದಿಂದ, ಅವನು ಸನ್ನೆ ಮಾಡಿದ ಮೇಲೆ, ಬಾಲದ ಕಡೆ ಸುಳಿಯಲೇಬಾರದು. ಹಾರ, ಶಾಲು, ಹೂವಿನ ಪಕಳೆ, ಪ್ಲಾಸ್ಟಿಕ್ ಚೀಲ, ಶಾಮಿಯಾನದ ಬಟ್ಟೆ ಎಲ್ಲವೂ ಗಾಳಿಗೆ ಹಾರಿ ಎಂಜಿನ್‌ಗೆ ಹೋಗುವ ವಸ್ತುಗಳು. ಸನ್ಮಾನವನ್ನು ಬೇಲಿಯಾಚೆ ಇಟ್ಟುಕೊಂಡರೆ ಯಾವ ನಾಯಕನ ಗೌರವಕ್ಕೂ ಕುಂದಾಗದು.

ಮಾರ್ಷಲರ್ (ಕೈಸನ್ನೆಯಿಂದ ವಿಮಾನವನ್ನು ನಿಲ್ಲುವ ಜಾಗಕ್ಕೆ ಕರೆದುಕೊಳ್ಳುವವ) ಒಬ್ಬನೇ ಇರಲಿ. ಐದು ಜನ ಐದು ಬಗೆಯಲ್ಲಿ ಕೈ ಬೀಸಿದರೆ ಪೈಲಟ್ ಯಾರನ್ನು ನಂಬಬೇಕು? ತಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ನಿಲ್ಲಿಸು ಎಂದರ್ಥ. ಈ ಒಂದು ಸನ್ನೆಯನ್ನು ಮಾತ್ರ ಯಾರು ಬೇಕಾದರೂ ತೋರಿಸಬಹುದು, ಎಲ್ಲರಿಗೂ ಗೊತ್ತಿರಬೇಕು. ಪೈಲಟ್‌ಗಳೇ, ಮಾರ್ಷಲರ್ ಕರೆಯುತ್ತಿದ್ದರೂ ರೆಕ್ಕೆ ತಗಲೀತೆಂಬ ಅನುಮಾನ ಬಂದರೆ ನಿಲ್ಲಿಸುವ ಹೊಣೆ ನಿಮ್ಮದೇ.

ತಗಲಿಯೇಬಿಟ್ಟರೆ

ಎಂಜಿನ್ ಆರಿಸಿ, ಇಂಧನ ಮತ್ತು ವಿದ್ಯುತ್ ಸ್ವಿಚ್ ಮುಚ್ಚಿ, ಎಲ್ಲರನ್ನೂ ಪ್ರೊಪೆಲ್ಲರ್‌ನಿಂದ ದೂರದ ಬಾಗಿಲಿನಿಂದ ಇಳಿಸಿ. ರೆಕ್ಕೆಯಲ್ಲೇ ಇಂಧನ ಇರುವುದರಿಂದ ಸಣ್ಣ ಉಜ್ಜುವಿಕೆ ಎಂದು ಹತ್ತಿರ ನಿಂತು ಫೋಟೊ ತೆಗೆಯುತ್ತ ಕೂರಬೇಡಿ. ಸೋರಿಕೆ ಇಲ್ಲವೆಂದು ಅಗ್ನಿಶಾಮಕದವರು ನೋಡಿದ ಮೇಲೆ ಆಗಲಿ. ಜನರನ್ನು ಉಳಿಸಲು ಬೇಕಾದರೆ ಹೊರತು ವಿಮಾನಗಳನ್ನು ಕದಲಿಸಬಾರದು. ವೇಳೆ, ಗಾಳಿಯ ದಿಕ್ಕು, ಆಡಿದ ಮತ್ತು ಕೇಳಿದ ಮಾತುಗಳನ್ನು ಅಲ್ಲಿಯೇ ಬರೆದಿಡಿ. ನಿಲ್ದಾಣದ ನಿರ್ವಾಹಕರಿಗೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೂ (ಡಿಜಿಸಿಎ) ತಿಳಿಸುವುದು ಕಡ್ಡಾಯ; ಗಂಭೀರ ಪ್ರಕರಣವಾದರೆ ವಿಮಾನ ಅಪಘಾತ ತನಿಖಾ ಬ್ಯೂರೊ ತನಿಖೆ ನಡೆಸುತ್ತದೆ. ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿಯನ್ನೂ ಡಿಜಿಸಿಎಯ ಸ್ವಯಂಪ್ರೇರಿತ ವರದಿ ವ್ಯವಸ್ಥೆಗೆ ಬರೆದು ಕಳುಹಿಸಿ. ಯಾವ ಟ್ಯಾಕ್ಸಿವೇಯ ಗೆರೆ ಮಾಸಿದೆ, ಯಾವ ತಿರುವಿನಲ್ಲಿ ಕಂಬ ಅಡ್ಡವಿದೆ ಎಂಬುದನ್ನು ಅಂದೇ ನಿಲ್ದಾಣದವರಿಗೆ ಬರಹದಲ್ಲಿ ಕೊಟ್ಟು, ಮುಂದಿನ ವಾರ ಫೋನ್ ಮಾಡಿ ಸರಿಯಾಯಿತೇ ಎಂದು ಕೇಳಿ.